ಅಂಗಳದ ದುರ್ಬೀನಿನ ಪೂರ್ವೋತ್ತರ

ನಾನು ಓದಿದ ಪ್ರೌಢಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಗಾಜಿನ ಬಾಗಿಲಿನ ಒಂದು ಬೀರುವಿತ್ತು. ಅದರ ಮೇಲಿನ ಅಂಕಣದಲ್ಲಿ, ಒಂದು ಮಗ್ಗುಲಿಗೆ ಸೀಸೆಯೊಳಗೆ ಮುಳುಗಿದ ಚೇಳು, ಇನ್ನೊಂದು ಮಗ್ಗುಲಿಗೆ ತಟ್ಟೆ ಕಳೆದುಕೊಂಡ ತಕ್ಕಡಿ, ಇವೆರಡರ ನಡುವೆ ಹಿತ್ತಾಳೆಯ ದುರ್ಬೀನೊಂದು ವರ್ಷವಿಡೀ ಮಲಗಿರುತ್ತಿತ್ತು. ಆಯುಧಪೂಜೆಯ ದಿವಸ ಮಾತ್ರ ಶಾಲೆಯ ಜವಾನನು ಅದನ್ನು ಹೊರತೆಗೆದು, ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಕೊಳವೆಗೆ ವಿಭೂತಿಯ ಮೂರು ಪಟ್ಟೆಗಳನ್ನೆಳೆದು, ಕುಂಕುಮವಿಟ್ಟು, ಸೇವಂತಿಗೆಯ ಸರವನ್ನು ಸುತ್ತಿ, ಭೂಗೋಳದ ಗುಂಡು ಮತ್ತು ತೋಟದ ಗುದ್ದಲಿಗಳ ಜೊತೆಯಲ್ಲಿ ಮೇಜಿನ ಮೇಲೆ ಇರಿಸುತ್ತಿದ್ದನು. ಮಂಗಳಾರತಿಯಾಗಿ, ಪುರಿಕಡಲೆ ಹಂಚಿ ಮುಗಿದ ಮೇಲೆ ಅದು ಪುನಃ ಬೀರುವನ್ನು ಸೇರುತ್ತಿತ್ತು. ಒಂದು ಸಲ ಧೈರ್ಯಮಾಡಿ, “ಇದರಲ್ಲಿ ಚಂದ್ರ ಕಾಣುತ್ತಾನೆಯೇ, ಸಾರ್?” ಎಂದು ಮೇಷ್ಟರನ್ನು ಕೇಳಿದೆ. “ಕಾಣುತ್ತಾನಪ್ಪ, ಕಾಣದೆ ಏನು! ಆದರೆ ಗಾಜು ಒಡೆದರೆ ಸ್ಟಾಕ್ ಪುಸ್ತಕದಲ್ಲಿ ಕಾಣುವುದು ನನ್ನ ಹೆಸರು” ಎಂದರು. ಆ ಮೇಷ್ಟರು ಒಳ್ಳೆಯವರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಇಷ್ಟೊಂದು ಭಯಭಕ್ತಿಗಳಿಗೆ ಪಾತ್ರವಾದ ಈ ಉಪಕರಣದ ವಂಶಾವಳಿಯನ್ನು ಮುಂದೆ ಓದುತ್ತ ಹೋದಂತೆ ನನಗೆ ಆಶ್ಚರ್ಯವಾಯಿತು. ಖಗೋಳವನ್ನು ಕಾಣುವ ಯಂತ್ರಗಳೆಂದರೆ ಅರಸರ ವೇಧಶಾಲೆಗಳಲ್ಲಿ ಪಂಡಿತರ ವಶದಲ್ಲಿದ್ದು, ಅಲ್ಲಿಂದ ಕ್ರಮೇಣ ಪ್ರಸಾದರೂಪವಾಗಿ ಗೃಹಸ್ಥರ ಮನೆಗಳಿಗೆ ಇಳಿದುಬಂದವು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಡೆದದ್ದು ಬಹುಮಟ್ಟಿಗೆ ಇದಕ್ಕೆ ವಿಪರೀತ. ದೊಡ್ಡ ದರ್ಪಣವನ್ನು ತಿಕ್ಕುವ ವಿದ್ಯೆ ಬೆಳೆದದ್ದು ಒಬ್ಬ ಸಂಗೀತಗಾರನ ಅಡುಗೆಮನೆಯ ಪಕ್ಕದಲ್ಲಿ. ನೀಹಾರಿಕೆಯ ಛಾಯಾಚಿತ್ರವನ್ನು ಮೊದಲು ತೆಗೆದದ್ದು ಒಬ್ಬ ವೈದ್ಯ. ಕಣ್ಣಿಗೆ ಕಾಣದ ನಕ್ಷತ್ರ ಛಾಯಾಫಲಕಕ್ಕೆ ಕಾಣುತ್ತದೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಚರಂಡಿ ಕೊಳಾಯಿಗಳ ಒಬ್ಬ ಇಂಜಿನಿಯರು. ವೇಧಶಾಲೆಗಳು ಈ ವಿದ್ಯೆಗಳನ್ನು ಅಂಗಳದಿಂದ ಎತ್ತಿಕೊಂಡುಹೋದವು, ಎಂದರೆ ಅತಿಶಯೋಕ್ತಿಯಾಗಲಾರದು.

ಸಂಗೀತಗಾರನೆಂದರೆ ವಿಲಿಯಂ ಹರ್ಷೆಲ್. 1738ರಲ್ಲಿ ಜರ್ಮನಿಯ ಹ್ಯಾನೊವರಿನಲ್ಲಿ ಹುಟ್ಟಿ, ಹತ್ತೊಂಬತ್ತರ ಹರೆಯದಲ್ಲಿ ಇಂಗ್ಲೆಂಡಿಗೆ ಬಂದು, ಬಾತ್ ಎಂಬ ವಿಲಾಸಿಗಳ ಪಟ್ಟಣದ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತ, ಶ್ರೀಮಂತರ ಮಕ್ಕಳಿಗೆ ಪಾಠ ಹೇಳುತ್ತ ಹೊಟ್ಟೆ ಹೊರೆಯುತ್ತಿದ್ದ ಈತನಿಗೆ, ಮೂವತ್ತೈದು ವರ್ಷ ತುಂಬುವ ಹೊತ್ತಿಗೆ, ಒಂದೆರಡು ಪುಸ್ತಕಗಳ ದೆಸೆಯಿಂದ ಆಕಾಶದ ಹುಚ್ಚು ಹಿಡಿಯಿತು. ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣ ಕೈಯಲ್ಲಿ ಇರಲಿಲ್ಲವಾಗಿ, ದರ್ಪಣ ತಿಕ್ಕುವ ಹವ್ಯಾಸವಿದ್ದ ನೆರೆಯವನೊಬ್ಬನಿಂದ ಹಳೆಯ ಸಾಣೆಯ ಸಾಮಾನುಗಳನ್ನು ಕೊಂಡುಕೊಂಡು ತಾನೇ ಕೆಲಸಕ್ಕೆ ತೊಡಗಿದನು. ಆ ಕಾಲದ ದರ್ಪಣ ಗಾಜಿನದಲ್ಲ, ಲೋಹದ್ದು: ಸುಮಾರು ಎರಡು ಪಾಲು ತಾಮ್ರಕ್ಕೆ ಒಂದು ಪಾಲು ತವರವನ್ನು ಕೂಡಿಸಿ ಎರಕ ಹೊಯ್ದ, ಗಾಜಿನಂತೆಯೇ ಪೆಡಸಾದ, ಬಿಳಿಯ ಕಂಚು. ನಮ್ಮ ನೆರೆಯ ಕೇರಳದ ಆರನ್ಮುಳದ ಕನ್ನಡಿಗಳು ಈ ಜಾತಿಯ ಲೋಹದವೇ ಆಗಿವೆ. ಅಲ್ಲಿನ ಎರಕದವರು ಅದನ್ನು ಮುಖ ನೋಡಿಕೊಳ್ಳುವ ಮಂಗಳದ್ರವ್ಯವನ್ನಾಗಿ ಮಾಡಿದರು, ಬಾತಿನವನು ಅದನ್ನು ಶನಿಗ್ರಹದ ಕಡೆಗೆ ತಿರುಗಿಸಿದನು.

1772ರಲ್ಲಿ ಅಣ್ಣನ ಮನೆಗೆ ಬಂದು ಸೇರಿದ ತಂಗಿ ಕೆರೊಲಿನಳು ಮುಂದೆ ಬರೆದಿಟ್ಟ ನೆನಪುಗಳಿಂದ ಆ ಸಂಸಾರದ ಚಿತ್ರ ನಮಗೆ ದೊರೆಯುತ್ತದೆ. ಚೆನ್ನಾಗಿ ಅಲಂಕರಿಸಿದ ಹಜಾರದಲ್ಲಿ ಬಡಗಿಯೊಬ್ಬನು ಕೊಳವೆಯನ್ನೂ ಕಾಲುಮಣೆಗಳನ್ನೂ ಹೆರೆಯುತ್ತಿದ್ದಾನೆ. ಮಲಗುವ ಕೋಣೆಯಲ್ಲಿ ಇನ್ನೊಬ್ಬ ತಮ್ಮನು ದೊಡ್ಡ ಕಡೆಯುವ ಯಂತ್ರವನ್ನು ಹೂಡಿದ್ದಾನೆ. ಸಂಗೀತದ ಶಿಷ್ಯರು ಬಂದರೆ ಕೂರಿಸಲು ಸ್ಥಳವಿಲ್ಲ. ದರ್ಪಣಕ್ಕೆ ಕೊನೆಯ ಮೆರುಗು ಕೊಡುವಾಗ ಕೈಯನ್ನು ತೆಗೆಯಕೂಡದು. ತೆಗೆದರೆ ಮೇಲ್ಮೈ ಕೆಡುತ್ತದೆ. ಹೀಗಾಗಿ ಒಂದು ಸಲ ಹದಿನಾರು ಗಂಟೆಗಳ ಕಾಲ ಆತನು ತಿಕ್ಕುತ್ತಲೇ ಇದ್ದಾಗ, ತಂಗಿಯು ತುತ್ತುಗಳನ್ನು ಮಾಡಿ ಅಣ್ಣನ ಬಾಯಿಗೆ ಹಾಕಬೇಕಾಯಿತು. ಬೇಸರ ಕಳೆಯಲು ಕಥೆಗಳನ್ನು ಓದಿಹೇಳುವುದೂ ಅವಳ ಪಾಲಿಗೆ ಬಂದ ಕೆಲಸ. ಎರಕದ ಅಚ್ಚಿಗಾಗಿ ರಾಶಿ ರಾಶಿ ಕುದುರೆಲದ್ದಿಯನ್ನು ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿಯುವುದರಲ್ಲಿಯೂ ಅವಳದೇ ಮುಖ್ಯ ಪಾತ್ರ. ಮುಂದೆ ಎಂಟು ಧೂಮಕೇತುಗಳನ್ನು ಸ್ವತಃ ಕಂಡುಹಿಡಿದು ಕೀರ್ತಿವಂತಳಾದ ಈ ಮಹಿಳೆಯ ಖಗೋಳಾಭ್ಯಾಸಕ್ಕೆ ಓಂಕಾರ ಬಿದ್ದದ್ದು ಲದ್ದಿಯ ಜರಡಿಯಲ್ಲಿ.

1781ರ ಮಾರ್ಚ್ 13ರ ರಾತ್ರಿ, ನ್ಯೂ ಕಿಂಗ್ ಬೀದಿಯ 19ನೆಯ ಮನೆಯ ಹಿತ್ತಿಲಿನಲ್ಲಿ, ಏಳಡಿ ಉದ್ದದ, ಆರು ಅಂಗುಲಕ್ಕೆ ತುಸು ಮಿಕ್ಕ ದರ್ಪಣವುಳ್ಳ ಸ್ವಹಸ್ತನಿರ್ಮಿತ ದೂರದರ್ಶಕದಿಂದ ಮಿಥುನರಾಶಿಯ ಸಮೀಪದ ನಕ್ಷತ್ರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ ಹರ್ಷೆಲನಿಗೆ, ಚುಕ್ಕೆಯಾಗಿರದೆ ಬಿಲ್ಲೆಯಾಗಿ ಕಾಣುವ ಜ್ಯೋತಿಯೊಂದು ಎದುರಾಯಿತು. ಧೂಮಕೇತುವೆಂದೇ ಆತನು ವರದಿ ಮಾಡಿದನು. ಲೆಕ್ಕ ಹಾಕಿದವರು ಅದನ್ನು ಶನಿಯಿಂದಾಚೆಗಿನ ಹೊಸ ಗ್ರಹವೆಂದು ನಿರ್ಣಯಿಸಿದರು. ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಫ್ಲ್ಯಾಮ್‌ಸ್ಟೀಡನು 1690ರಲ್ಲಿಯೇ ಈ ಯುರೇನಸನ್ನು ಕಂಡು, ನಕ್ಷತ್ರವೆಂದು ಪಟ್ಟಿಯಲ್ಲಿ ಬರೆದುಕೊಂಡಿದ್ದನೆಂಬುದು ಆಮೇಲೆ ಬೆಳಕಿಗೆ ಬಂದಿತು. ಪಟ್ಟಿ ಮಾಡುವವನಿಗೆ ಒಂದು ಚುಕ್ಕೆ ಸಾಕು. ಅದು ಚುಕ್ಕೆಯೋ ಬಿಲ್ಲೆಯೋ ಎಂಬುದರಲ್ಲಿ ಪ್ರಾಣವಿರುವುದು ದರ್ಪಣವನ್ನು ಸ್ವತಃ ತಿಕ್ಕಿದವನಿಗೆ. ಮರುವರ್ಷ ದೊರೆ ಮೂರನೆಯ ಜಾರ್ಜ್ ಆತನಿಗೆ ವರ್ಷಕ್ಕೆ 200 ಪೌಂಡುಗಳ ವರ್ಷಾಶನವನ್ನು ನೇಮಿಸಿದನು. ಅಲ್ಲಿಗೆ ಹವ್ಯಾಸಿಯು ವೃತ್ತಿಗನಾದನು.

ಲೋಹದರ್ಪಣಕ್ಕೆ ಒಂದು ಶಾಪವಿತ್ತು. ತೇವದ ಗಾಳಿಗೆ ಅದು ಬೇಗ ಮಾಸುತ್ತದೆ; ಮಾಸಿದ್ದನ್ನು ಪುನಃ ಮೆರುಗಿಸಹೊರಟರೆ ಅಷ್ಟು ಕಷ್ಟದಿಂದ ಸಾಧಿಸಿದ ಆಕೃತಿ ಕೆಡುತ್ತದೆ; ಅರ್ಥಾತ್, ಕನ್ನಡಿಯನ್ನು ತೊಳೆಯುವುದೆಂದರೆ ಕನ್ನಡಿಯನ್ನು ಮತ್ತೆ ಹುಟ್ಟಿಸುವುದು. 1850ರ ದಶಕದಲ್ಲಿ ಜರ್ಮನಿಯ ಸ್ಟೈನ್‌ಹೈಲ್ ಮತ್ತು ಫ್ರಾನ್ಸಿನ ಫೂಕೊ ಎಂಬವರು, ಗಾಜಿನ ಮೇಲೆ ರಾಸಾಯನಿಕವಾಗಿ ಬೆಳ್ಳಿಯ ತೆಳುಪೊರೆಯನ್ನು ಕೂರಿಸುವ ಲೀಬಿಗನ ವಿಧಾನವನ್ನು ದೂರದರ್ಶಕಕ್ಕೆ ಅನ್ವಯಿಸಿದಾಗ ಈ ಶಾಪ ವಿಮೋಚನೆಯಾಯಿತು. ಬೆಳ್ಳಿ ಕಪ್ಪಾದರೆ ಆಮ್ಲದಿಂದ ತೊಳೆದು ಹೊಸದಾಗಿ ಹಚ್ಚಿದರಾಯಿತು. ಕೆಳಗಿನ ಗಾಜಿನ ಆಕೃತಿಗೆ ಕುಂದಿಲ್ಲ. ಕಲಾಯಿ ಹೋದ ಪಾತ್ರೆಯನ್ನು ಒಡೆದು ಹೊಸ ಪಾತ್ರೆ ಮಾಡುವ ಅವಸ್ಥೆ ತಪ್ಪಿ, ಕಲಾಯಿ ಹಾಕಿಸಿಕೊಂಡು ಬರುವಷ್ಟಕ್ಕೆ ಕೆಲಸ ಹಗುರವಾಯಿತೆನ್ನಬಹುದು. ಇದಕ್ಕಿಂತಲೂ ದೊಡ್ಡದಾದ ಉಪಕಾರವನ್ನು ಫೂಕೊ ಮಾಡಿದ್ದು ಒಂದು ಅಲಗಿನಿಂದ. ದರ್ಪಣದ ಎದುರಿಗೆ, ಅದರ ವಕ್ರತೆಯ ಕೇಂದ್ರದಲ್ಲಿ ಸೂಜಿಯ ಮೊನೆಯಷ್ಟು ಬೆಳಕನ್ನಿಟ್ಟು, ಮರಳಿ ಬರುವ ಕಿರಣಗಳ ಸಂಗಮಕ್ಕೆ ಕತ್ತಿಯ ಅಲಗನ್ನು ಮೆಲ್ಲಗೆ ಅಡ್ಡ ತಂದರೆ, ಗಾಜಿನ ಮೇಲಿನ ಉಬ್ಬುತಗ್ಗುಗಳು ಸಂಜೆಯ ಓರೆಬಿಸಿಲಿನಲ್ಲಿ ಮರಳಿನ ದಿಣ್ಣೆಗಳು ಕಾಣುವಂತೆ ನೆರಳು ಬೆಳಕಾಗಿ ಎದ್ದು ನಿಲ್ಲುತ್ತವೆ. ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿನ ತಪ್ಪನ್ನು, ಒಂದು ದೀಪ ಮತ್ತು ಒಂದು ಅಲಗಿನ ಸಹಾಯದಿಂದ, ಮನೆಯ ಮೂಲೆಯಲ್ಲಿ ಕುಳಿತವನೊಬ್ಬನು ಕಣ್ಣಾರೆ ಕಾಣಬಲ್ಲನು. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಅಗ್ಗದ ಸಾಧನ ಇಷ್ಟು ಸೂಕ್ಷ್ಮವಾದ ಕೆಲಸವನ್ನು ಮಾಡಿದ ಉದಾಹರಣೆಗಳು ವಿರಳ.

ಕಾಣುವುದರಿಂದ ಚಿತ್ರಿಸುವುದರ ಕಡೆಗೆ ಈಗ ಬರೋಣ. 1839ರಲ್ಲಿ ಡಗೇರನ ಛಾಯಾಗ್ರಹಣ ಪ್ರಕಟವಾಯಿತು; ಮರುವರ್ಷವೇ ನ್ಯೂಯಾರ್ಕಿನಲ್ಲಿ ಜಾನ್ ವಿಲಿಯಂ ಡ್ರೇಪರ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕನು ಚಂದ್ರನ ಚಿತ್ರವನ್ನು ತೆಗೆದನು. 1850ರ ಜುಲೈ 17ರಂದು ಹಾರ್ವರ್ಡಿನ ದೊಡ್ಡ ದೂರದರ್ಶಕದ ತುದಿಗೆ ಬಾಸ್ಟನ್ನಿನ ಛಾಯಾಗ್ರಾಹಕ ವಿಪಲ್ಲನು ತನ್ನ ಫಲಕವನ್ನಿಟ್ಟು ಅಭಿಜಿತ್ ನಕ್ಷತ್ರವನ್ನು ಸೆರೆಹಿಡಿದನು. ಸೂರ್ಯನನ್ನುಳಿದು ಛಾಯಾಚಿತ್ರಕ್ಕೆ ಸಿಕ್ಕಿದ ಮೊದಲ ನಕ್ಷತ್ರ ಅದು. ಏಳು ವರ್ಷಗಳ ತರುವಾಯ ಅಲ್ಲಿಯೇ ವಸಿಷ್ಠ ಮತ್ತು ಅರುಂಧತಿಯರ ಚಿತ್ರವೂ ಸಿದ್ಧವಾಯಿತು. ನಮ್ಮ ಮದುವೆಗಳಲ್ಲಿ ಮಟಮಟ ಮಧ್ಯಾಹ್ನದ ಮುಹೂರ್ತದಲ್ಲಿಯೂ ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತಂದು, ಸೂರ್ಯನ ಬೆಳಕಿನಲ್ಲಿಯೇ ಅರುಂಧತಿಯನ್ನು ತೋರಿಸುತ್ತಾರೆ, ಇಬ್ಬರೂ ಕಂಡೆವೆನ್ನುತ್ತಾರೆ. ಆ ದಂಪತಿ ನಕ್ಷತ್ರಗಳ ಮೊದಲ ಛಾಯಾಚಿತ್ರ 1857ರದೆಂಬುದನ್ನು ಯಾರಾದರೂ ಮಂಟಪದಲ್ಲಿ ತೂಗುಹಾಕಿದರೆ ಸುಳ್ಳಿನ ಭಾರ ತುಸು ಇಳಿಯಬಹುದು.

ಚಂದ್ರ, ಅಭಿಜಿತ್ತುಗಳು ಪ್ರಕಾಶಮಾನವಾದವು. ನೀಹಾರಿಕೆಗಳ ಮಾತು ಬೇರೆ. ಅವುಗಳ ಬೆಳಕು ಅತಿ ಕ್ಷೀಣ; ಫಲಕವನ್ನು ಬಹಳ ಹೊತ್ತು ತೆರೆದಿಡಬೇಕು. ಆಗ ಬಳಕೆಯಲ್ಲಿದ್ದ ಹಸಿ ಕೊಲೋಡಿಯನ್ ಫಲಕವಾದರೋ ಹತ್ತು ಹದಿನೈದು ನಿಮಿಷಗಳಲ್ಲಿ ಒಣಗಿ ನಿರರ್ಥಕವಾಗುತ್ತಿತ್ತು. 1871ರಲ್ಲಿ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯನು ಜಿಲೆಟಿನ್ನಿನ ಒಣ ಫಲಕವನ್ನು ಕಂಡುಹಿಡಿದದ್ದರಿಂದ ಈ ತೊಡಕು ನೀಗಿತು. ಗಂಟೆಗಟ್ಟಲೆ ಬೆಳಕನ್ನು ಕುಡಿಸಿದರೂ ಅದು ಸಾಕೆನ್ನುವುದಿಲ್ಲ. ಒಂದು ತೊಡಕು ನೀಗಿದೊಡನೆ, ಅದುವರೆಗೆ ಅಷ್ಟಾಗಿ ಕಾಡದಿದ್ದ ಇನ್ನೊಂದು ಎದುರಿಗೆ ಬಂದು ನಿಂತಿತು. ಭೂಮಿ ತಿರುಗುತ್ತದೆ! ಆಕಾಶವು ಸೆಕೆಂಡಿಗೆ ಹದಿನೈದು ವಿಕಲೆಗಳಂತೆ ಜಾರುತ್ತಿರುವಾಗ, ಒಂದು ಮೀಟರ್ ಸಂಗಮದೂರದ ದೂರದರ್ಶಕದ ಫಲಕದ ಮೇಲೆ ನಕ್ಷತ್ರಬಿಂಬವು ಒಂದೇ ನಿಮಿಷದಲ್ಲಿ ನಾಲ್ಕು ಮಿಲಿಮೀಟರಿಗೂ ಹೆಚ್ಚು ದೂರ ಸರಿದುಹೋಗುತ್ತದೆ, ಚುಕ್ಕೆಯಾಗಬೇಕಾದದ್ದು ಗೆರೆಯಾಗುತ್ತದೆ. ಹರ್ಷೆಲನ ಕಣ್ಣಿಗೆ ಇದು ಬಾಧಕವಾಗಿರಲಿಲ್ಲ. ಕಣ್ಣು ಕ್ಷಣಕ್ಷಣಕ್ಕೂ ಹೊಸದಾಗಿ ನೋಡುತ್ತದೆ, ಹಿಂದಿನ ಬೆಳಕನ್ನು ಕೂಡಿಡುವುದಿಲ್ಲ. ಫಲಕವು ಕೂಡಿಡುತ್ತದೆ, ಆದುದರಿಂದ ಬೆಳಕಿನ ಜೊತೆಗೆ ನಮ್ಮ ತಪ್ಪುಗಳನ್ನೂ ಕೂಡಿಡುತ್ತದೆ. ಹವ್ಯಾಸಿಯ ಖಗೋಳ ಛಾಯಾಗ್ರಹಣದ ಚರಿತ್ರೆಯೆಂದರೆ ಅಂದಿನಿಂದ ಇಂದಿನವರೆಗೆ ಮುಖ್ಯವಾಗಿ ಗಾಜಿನ ಚರಿತ್ರೆಯಲ್ಲ, ಆ ಗಾಜನ್ನು ಹೊತ್ತು ಆಕಾಶದ ಬೆನ್ನಟ್ಟುವ ಪೀಠದ ಚರಿತ್ರೆ ಎಂದು ನನ್ನ ಅಭಿಪ್ರಾಯ. ಕೊಳ್ಳುವವರು ಈಗಲೂ ಕೊಳವೆಯ ಬಾಯಗಲವನ್ನೇ ಅಳೆಯುತ್ತಾರೆ. ಬಲ್ಲವರು ಮೊದಲು ಕಾಲುಗಳನ್ನು ಅಲುಗಿಸಿ ನೋಡುತ್ತಾರೆ.

ಚಂದ್ರನ ಚಿತ್ರ ತೆಗೆದ ಡ್ರೇಪರನ ಮಗ ಹೆನ್ರಿ, ವೈದ್ಯವಿದ್ಯೆಯ ವ್ಯಾಸಂಗವನ್ನು ಮುಗಿಸಿದಾಗ ಪದವಿಯನ್ನು ಪಡೆಯಲು ವಯಸ್ಸು ಸಾಲದೆಂದು ಒಂದು ವರ್ಷ ಕಾಯಬೇಕಾಯಿತು. ಆ ಬಿಡುವಿನಲ್ಲಿ ಯುರೋಪಿಗೆ ಹೋಗಿದ್ದವನು 1857ರಲ್ಲಿ ಐರ್ಲೆಂಡಿನಲ್ಲಿ ರಾಸ್ ಪ್ರಭುವಿನ ಆರಡಿ ವ್ಯಾಸದ ದೈತ್ಯ ದೂರದರ್ಶಕವನ್ನು ಕಂಡು, ಮನೆಗೆ ಮರಳುವಾಗ ದರ್ಪಣ ತಿಕ್ಕುವ ಸಂಕಲ್ಪದೊಡನೆ ಮರಳಿದನು. ಆತನ ಮೊದಲ ಲೋಹದರ್ಪಣವು ಚಳಿಗಾಲದ ಹಿಮದಲ್ಲಿ ಸೀಳಿಹೋಯಿತು. ಬೆಳ್ಳಿ ಬಳಿದ ಗಾಜನ್ನು ಪ್ರಯತ್ನಿಸಬೇಕೆಂಬ ಸಲಹೆ ಬಂದದ್ದು ವಿಲಿಯಂ ಹರ್ಷೆಲನ ಮಗ ಜಾನ್ ಹರ್ಷೆಲನಿಂದ. ವಿದ್ಯೆಯು ಹೀಗೆ ಒಂದು ಮನೆಯ ಮಗನಿಂದ ಇನ್ನೊಂದು ಮನೆಯ ಮಗನಿಗೆ ಸಂದಿತು. ಹಡ್ಸನ್ ನದಿಯ ತೀರದ ಹೇಸ್ಟಿಂಗ್ಸಿನಲ್ಲಿ ತಂದೆಯ ತೋಟದ ಮನೆಯ ಬಳಿ ಕಟ್ಟಿಕೊಂಡ ವೇಧಶಾಲೆಯಲ್ಲಿ, ಪತ್ನಿ ಆನಾಳ ಸಹಾಯದೊಡನೆ, 1880ರ ಸೆಪ್ಟೆಂಬರ್ 30ರಂದು ಹನ್ನೊಂದು ಅಂಗುಲದ ಮಸೂರದ ಹಿಂದೆ ಒಣ ಫಲಕವನ್ನು 51 ನಿಮಿಷ ತೆರೆದಿಟ್ಟು, ಮಹಾವ್ಯಾಧನ ನೀಹಾರಿಕೆಯನ್ನು ಹಿಡಿದನು. ನೀಹಾರಿಕೆಯೊಂದರ ಮೊಟ್ಟಮೊದಲ ಛಾಯಾಚಿತ್ರ ಅದು. ನಕ್ಷತ್ರಗಳೆಲ್ಲ ಅದರಲ್ಲಿ ಉಬ್ಬಿಕೊಂಡು ಎಳೆದಂತಿವೆ; ಎರಡು ವರ್ಷಗಳೊಳಗೆ 137 ನಿಮಿಷಗಳ ಚಿತ್ರವೊಂದು ಅದನ್ನು ಬಹುವಾಗಿ ಮೀರಿಸಿತು. 1882ರ ನವೆಂಬರಿನಲ್ಲಿ, ನಲವತ್ತೈದರ ಪ್ರಾಯದಲ್ಲಿ, ಆತನು ತೀರಿಕೊಂಡನು.

ಇಂಗ್ಲೆಂಡಿನ ಆಂಡ್ರ್ಯೂ ಏನ್ಸ್ಲಿ ಕಾಮನ್ ಎಂಬವನಾದರೋ ಲಂಡನ್ನಿನಲ್ಲಿ ನೈರ್ಮಲ್ಯದ ಕಾಮಗಾರಿಗಳ ಇಂಜಿನಿಯರು. ಹಗಲು ಕೊಳಾಯಿ, ರಾತ್ರಿ ನೀಹಾರಿಕೆ. ಈಲಿಂಗಿನ ತನ್ನ ಮನೆಯ ತೋಟದಲ್ಲಿ 1879ರಲ್ಲಿ ಮೂವತ್ತಾರು ಅಂಗುಲದ ಬೆಳ್ಳಿಗಾಜಿನ ದರ್ಪಣವನ್ನು ನಿಲ್ಲಿಸಿದಾಗ, ಆತನ ಬುದ್ಧಿಯೆಲ್ಲ ವ್ಯಯವಾದದ್ದು ಪೀಠದ ಮೇಲೆ. ಧ್ರುವಾಭಿಮುಖವಾದ ಅಕ್ಷದಂಡವನ್ನು ಟೊಳ್ಳಾಗಿ ಮಾಡಿ, ಪಾದರಸದ ತೊಟ್ಟಿಯೊಂದರಲ್ಲಿ ತೇಲಿಬಿಟ್ಟನು. ಟನ್ನುಗಟ್ಟಲೆ ತೂಕ ಘರ್ಷಣೆಯಿಲ್ಲದೆ ತಿರುಗಬೇಕೆಂಬುದು ಉದ್ದೇಶ. ಕೊಳಾಯಿಯವನಿಗಲ್ಲದೆ ಇನ್ನಾರಿಗೆ ಇಂಥದು ಹೊಳೆಯಬೇಕು! ಗಡಿಯಾರದ ಯಂತ್ರ ಎಷ್ಟು ನಿಷ್ಕೃಷ್ಟವಾದರೂ ಉಳಿಯುವ ಸೂಕ್ಷ್ಮ ದೋಷಕ್ಕೆ ಆತನು ಕಂಡ ಉಪಾಯ ಇನ್ನೂ ಸೊಗಸಾದದ್ದು. ಇಡೀ ದೂರದರ್ಶಕವನ್ನು ಅಲುಗಿಸುವ ಬದಲು ಫಲಕದ ಚೌಕಟ್ಟನ್ನೇ ತಿರುಪುಗಳಿಂದ ಸರಿಯುವಂತೆ ಮಾಡಿ, ಅದರ ಅಂಚಿಗೆ ಅಡ್ಡಗೆರೆಗಳುಳ್ಳ ಒಂದು ನೇತ್ರಮಸೂರವನ್ನು ಜೋಡಿಸಿದನು. ಕಾವಲಿನ ನಕ್ಷತ್ರವೊಂದನ್ನು ಆ ಗೆರೆಗಳ ಕೂಡಿನಲ್ಲಿ ಹಿಡಿದಿಟ್ಟುಕೊಂಡು, ಅದು ಕದಲಿದಂತೆಲ್ಲ ತಿರುಪನ್ನು ತಿರುಗಿಸುತ್ತ, ಕಣ್ಣೆವೆಯಿಕ್ಕದೆ ಕೂಡಬೇಕು. 1883ರ ಜನವರಿಯಲ್ಲಿ ಈತನು ತೆಗೆದ ಮಹಾವ್ಯಾಧ ನೀಹಾರಿಕೆಯ ಚಿತ್ರದಲ್ಲಿ, ಅದೇ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೆ ಕಾಣದ ನಕ್ಷತ್ರಗಳು ಮೂಡಿದ್ದವು. ಮರುವರ್ಷ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯು ಸ್ವರ್ಣಪದಕವನ್ನು ಕೊಟ್ಟಿತು. ದೂರದರ್ಶಕವನ್ನು ಕ್ರಾಸ್ಲಿ ಎಂಬ ಜಮಖಾನೆಯ ಕಾರಖಾನೆದಾರನು ಕೊಂಡನು. 1895ರಲ್ಲಿ ಆತನು ಅದನ್ನು ಕ್ಯಾಲಿಫೋರ್ನಿಯದ ಲಿಕ್ ವೇಧಶಾಲೆಗೆ ದಾನಮಾಡಿದನು. ಅಲ್ಲಿ ಕೀಲರ್ ಎಂಬ ಖಗೋಳಜ್ಞನು ಈಲಿಂಗಿನ ಆ ಹಿತ್ತಿಲ ದರ್ಪಣದಿಂದಲೇ ಸುರುಳಿ ನೀಹಾರಿಕೆಗಳು ಅಸಂಖ್ಯಾತವೆಂಬುದನ್ನು ಕಂಡನು.

ಮನೆ ಕಟ್ಟಿಸುವ ಗುತ್ತಿಗೆದಾರನಾಗಿದ್ದ ವೇಲ್ಸಿನ ಐಸಾಕ್ ರಾಬರ್ಟ್ಸ್ 1888ರಲ್ಲಿ ಲಿವರ್‌ಪೂಲಿನ ಸಮೀಪದ ತನ್ನ ಮನೆಯಿಂದ ಆಂಡ್ರೊಮಿಡಾ ನೀಹಾರಿಕೆಯ ಚಿತ್ರ ತೆಗೆದು, ಅದರಲ್ಲಿ ಸುರುಳಿಯ ರಚನೆಯನ್ನು ತೋರಿಸಿದನು. ಹುಟ್ಟುತ್ತಿರುವ ಸೌರವ್ಯೂಹವೊಂದನ್ನು ಕಂಡೆನೆಂದು ಆತನು ನಂಬಿದ್ದನು. ಚಿತ್ರ ಸರಿಯಾಗಿತ್ತು, ಭಾಷ್ಯ ತಪ್ಪಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯದ ಪರ್ವತಶಿಖರವೊಂದರ ಮೇಲೆ ಅರುವತ್ತು, ನೂರು ಅಂಗುಲಗಳ ದರ್ಪಣಗಳು ಎದ್ದು ನಿಂತಾಗ ಗೃಹಸ್ಥನು ಛಾಯಾಫಲಕದ ಸ್ಪರ್ಧೆಯಿಂದ ಹಿಂದೆ ಸರಿದು, ಪುನಃ ಕಣ್ಣನ್ನೇ ನಂಬಿದನು. ಹಾಗೆ ನಂಬಿದವರಲ್ಲಿ ಒಬ್ಬರನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಅವಿಭಕ್ತ ಬಂಗಾಳದ ಜೆಸ್ಸೂರಿನ ಸರ್ಕಾರಿ ಖಜಾನೆಯಲ್ಲಿ ಅಲ್ಪ ಸಂಬಳದ ನೌಕರರಾಗಿದ್ದ ರಾಧಾಗೋವಿಂದ ಚಂದ್ರರು, ಎಂಟ್ರೆನ್ಸ್ ಪರೀಕ್ಷೆಯನ್ನು ದಾಟಲಾರದೆ ಹೋದವರು. 1912ರಲ್ಲಿ ಇಂಗ್ಲೆಂಡಿನಿಂದ ಮೂರು ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡರು. 1918ರ ಜೂನಿನಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಹೊಸದಾಗಿ ಉರಿದೆದ್ದ ತಾರೆಯನ್ನು ಬರಿಗಣ್ಣಿನಿಂದಲೇ ಗುರುತಿಸಿ ಹಾರ್ವರ್ಡಿಗೆ ಬರೆದರು. ಅಲ್ಲಿಂದ ನಕ್ಷೆಗಳೂ ಪುಸ್ತಕಗಳೂ ಬಂದವು. ಅಂದಿನಿಂದ ಮೂರೂವರೆ ದಶಕಗಳ ಕಾಲ, ಬೆಳಕು ಹೆಚ್ಚುಕಡಮೆಯಾಗುವ ಚಂಚಲ ನಕ್ಷತ್ರಗಳನ್ನು ನೆರೆಯ ಸ್ಥಿರ ನಕ್ಷತ್ರಗಳೊಡನೆ ಹೋಲಿಸಿ ಅಂದಾಜು ಮಾಡುತ್ತ, ಅಮೆರಿಕದ ವೀಕ್ಷಕರ ಸಂಘಕ್ಕೆ 37 ಸಾವಿರಕ್ಕೂ ಮಿಕ್ಕ ವೀಕ್ಷಣೆಗಳನ್ನು ಅಂಚೆಯಲ್ಲಿ ಕಳುಹಿಸಿದರು. ಹಗಲೆಲ್ಲ ಸರ್ಕಾರದ ಹಣ, ರಾತ್ರಿಯೆಲ್ಲ ನಕ್ಷತ್ರದ ಹಣ. ಎಣಿಕೆ ತಪ್ಪಬಾರದೆಂಬ ನಿಯಮ ಎರಡಕ್ಕೂ ಒಂದೇ. ಆ ಸಂಘವು ಮೆಚ್ಚಿ 1926ರಲ್ಲಿ ಆರು ಅಂಗುಲದ ದೂರದರ್ಶಕವೊಂದನ್ನು ಸಮುದ್ರದಾಚೆಯಿಂದ ಅವರಿಗೆ ಕಳುಹಿಸಿತು. ವೃದ್ಧಾಪ್ಯದಲ್ಲಿ ಅವರು ಅದನ್ನು ಬಿಟ್ಟುಕೊಟ್ಟಾಗ ಅದು ಸೇರಿದ್ದು ಖಗೋಳಜ್ಞ ವೈನು ಬಾಪ್ಪು ಅವರ ಕೈಯನ್ನು. ತರುವಾಯ ಜವ್ವಾದಿ ಬೆಟ್ಟಗಳ ಕಾವಲೂರಿಗೆ ಬಂದಿತು. ಈ ಬಾಪ್ಪು ಅವರ ತಂದೆ ಕೆಲಸಮಾಡುತ್ತಿದ್ದ ಹೈದರಾಬಾದಿನ ನಿಜಾಮಿಯಾ ವೇಧಶಾಲೆಯೂ, 1901ರಲ್ಲಿ ನವಾಬ ಜಾಫರ್ ಜಂಗ್ ಎಂಬ ಶ್ರೀಮಂತನು ಸ್ವಂತ ಹವ್ಯಾಸಕ್ಕಾಗಿ ಕೊಂಡ ದೂರದರ್ಶಕಗಳಿಂದಲೇ ಹುಟ್ಟಿದ್ದು. ಬೀದರು, ಕಲಬುರಗಿ, ರಾಯಚೂರುಗಳು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಕಾವಲೂರಿನಲ್ಲಿ ನಡೆಸುವ ವೇಧಶಾಲೆಗೆ ಈಗ ಬಾಪ್ಪು ಅವರದೇ ಹೆಸರು.

ಇದೇ ಕಾಲದಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ ರಸೆಲ್ ಪೋರ್ಟರ್ ಎಂಬವನು ಯಂತ್ರಕಾರಖಾನೆಯ ಕೆಲಸಗಾರರನ್ನು ಕೂಡಿಸಿಕೊಂಡು 1920ರಲ್ಲಿ ದರ್ಪಣ ತಿಕ್ಕುವ ಪಾಠವನ್ನು ಆರಂಭಿಸಿದನು. 1925ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಈ ವಾರ್ತೆ ಪ್ರಕಟವಾದ ಮೇಲೆ ಮನೆಯಲ್ಲಿ ದೂರದರ್ಶಕ ಮಾಡುವ ವಿದ್ಯೆ ದೇಶದ ಉದ್ದಗಲಕ್ಕೂ ಹಬ್ಬಿತು. ಆ ವಿದ್ಯೆ ಈಗಲೂ ಹೆಚ್ಚು ಬದಲಾಗಿಲ್ಲ. ಸಮಾನವಾದ ಎರಡು ಗಾಜಿನ ಬಿಲ್ಲೆಗಳು. ಕೆಳಗಿನದು ಪೀಪಾಯಿಯ ಮೇಲೆ ಭದ್ರ, ಮೇಲಿನದು ಕೈಯಲ್ಲಿ. ನಡುವೆ ಕುರುಂದದ ಪುಡಿ ಮತ್ತು ನೀರು. ಪೀಪಾಯಿಯ ಸುತ್ತ ಪ್ರದಕ್ಷಿಣೆ ಬರುತ್ತ, ಮೇಲಿನದನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತಿದ್ದರೆ, ಯಾವ ಅಚ್ಚೂ ಇಲ್ಲದೆ, ಮೇಲಿನ ಗಾಜು ತಾನಾಗಿಯೇ ಬೋಗುಣಿಯಂತೆ ತಗ್ಗುತ್ತದೆ, ಕೆಳಗಿನದು ಅಷ್ಟೇ ಉಬ್ಬುತ್ತದೆ. ಪುಡಿಯನ್ನು ದಪ್ಪದಿಂದ ನಯಕ್ಕೆ ಬದಲಿಸುತ್ತ ಹೋದಂತೆ ಅದರ ಸದ್ದೂ ಬದಲಾಗುತ್ತದೆ: ಮೊದಲು ರಾಗಿ ಬೀಸಿದ ಸದ್ದು, ಆಮೇಲೆ ಗಂಧ ತೇಯ್ದ ಸದ್ದು, ಕೊನೆಗೆ ರಾಳದ ಮೇಲೆ ಮೆರುಗಿಡುವಾಗ ಸದ್ದೇ ಇಲ್ಲ. ಈ ಹೋಲಿಕೆ ನನ್ನದಲ್ಲ. ಮೊಮ್ಮಗನ ಜಗಲಿಯ ಉದ್ಯೋಗವನ್ನು ಮೂರು ವಾರ ಸಹಿಸಿಕೊಂಡ ಒಬ್ಬ ಅಜ್ಜಿಯದು.

ವೇದಾಂತಕ್ಕೂ ಈ ಉದ್ಯೋಗಕ್ಕೂ ಒಂದು ಸಂಬಂಧವುಂಟು. ಪೀಕಿಂಗಿನಲ್ಲಿ 1915ರಲ್ಲಿ ಹುಟ್ಟಿದ ಜಾನ್ ಡಾಬ್ಸನ್ ಎಂಬ ಅಮೆರಿಕನನು 1944ರಲ್ಲಿ ರಾಮಕೃಷ್ಣ ಪರಂಪರೆಯ ಮಠವನ್ನು ಸೇರಿ, ಅಲ್ಲಿ ಹಡಗಿನ ಕಿಟಕಿಯ ಹಳೆಯ ಗಾಜನ್ನು ತಿಕ್ಕಿ ದರ್ಪಣ ಮಾಡುತ್ತ, ರಾತ್ರಿಯ ಹೊತ್ತು ಮಠದಿಂದ ಹೊರಬಿದ್ದು ನೆರೆಹೊರೆಯವರಿಗೆ ಆಕಾಶವನ್ನು ತೋರಿಸುತ್ತಿದ್ದನು. ಹಿರಿಯರಿಗೆ ತಿಳಿಯದಿರಲೆಂದು ಪತ್ರಗಳಲ್ಲಿ ದೂರದರ್ಶಕವೆನ್ನದೆ ‘ಜೆರೇನಿಯಂ ಗಿಡ’ ಎಂದು ಬರೆಯುತ್ತಿದ್ದನಂತೆ. 1967ರಲ್ಲಿ ಮಠದಿಂದ ಹೊರಹಾಕಲ್ಪಟ್ಟು, ಸ್ಯಾನ್ ಫ್ರಾನ್ಸಿಸ್ಕೋದ ಪಾದಚಾರಿ ಮಾರ್ಗಗಳಲ್ಲಿ ದೂರದರ್ಶಕವನ್ನಿಟ್ಟುಕೊಂಡು ಹಾದುಹೋಗುವವರನ್ನು ಕರೆಯತೊಡಗಿದನು. ಕಾಗದದ ಕೊಳವೆ, ಹಲಗೆಯ ಪೆಟ್ಟಿಗೆ. ಅತ್ತಿತ್ತ ಮತ್ತು ಮೇಲೆ ಕೆಳಗೆ ಕೈಯಿಂದಲೇ ತಳ್ಳುವ ಪೀಠ. ಕಾಮನ್ನನ ಪಾದರಸದ ತೊಟ್ಟಿಯಿಂದ ಇದು ಹರ್ಷೆಲನ ಕಾಲಕ್ಕೆ ಹಿಂತಿರುಗಿದಂತೆ ಕಂಡರೂ, ಸಾಮಾನ್ಯರ ಕೈಗೆ ದೊಡ್ಡ ದರ್ಪಣವನ್ನು ಕೊಟ್ಟ ಕೀರ್ತಿ ಇದರದೇ. ಇದರಿಂದ ನೋಡಬಹುದು, ಚಿತ್ರಿಸಲಾಗದು.

ಚಿತ್ರಿಸುವವರ ಪಾಡು 1980ರ ದಶಕದವರೆಗೂ ಕಾಮನ್ನನ ಪಾಡೇ ಆಗಿತ್ತು: ಅಡ್ಡಗೆರೆಗೆ ಕಣ್ಣಂಟಿಸಿ, ಚಳಿಯಲ್ಲಿ ಗಂಟೆಗಟ್ಟಲೆ ಕೂತು, ಬೆಳಗ್ಗೆ ಫಿಲ್ಮನ್ನು ತೊಳೆದಾಗ ಒಂದೇ ಒಂದು ಅಲುಗಾಟದಿಂದ ಎಲ್ಲ ಹಾಳಾಗಿರುವುದನ್ನು ಕಾಣುವುದು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು ರೂಪಿಸಿದ ಸಿಸಿಡಿ ಎಂಬ ಸಿಲಿಕಾನ್ ಬಿಲ್ಲೆಯು ಈ ತಪಸ್ಸನ್ನು ಮುಗಿಸಿತು. ಫಲಕಕ್ಕೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ದಾಖಲಾಗುತ್ತಿದ್ದರೆ, ಇದರಲ್ಲಿ ಅರ್ಧಕ್ಕೂ ಹೆಚ್ಚು ದಾಖಲಾಗುತ್ತದೆ. ಕಾವಲು ನಕ್ಷತ್ರವನ್ನು ನೋಡಿ ತಿರುಪು ತಿರುಗಿಸುವ ಕೆಲಸಕ್ಕೂ ಇನ್ನೊಂದು ಪುಟ್ಟ ಬಿಲ್ಲೆಯನ್ನೇ ನೇಮಿಸಬಹುದು. ಒಂದೇ ದೀರ್ಘ ಚಿತ್ರದ ಬದಲು ನೂರಾರು ಕಿರುಚಿತ್ರಗಳನ್ನು ತೆಗೆದು, ಗಣಕದಲ್ಲಿ ಒಂದರ ಮೇಲೊಂದನ್ನು ಪೇರಿಸುವುದು ಈಗಿನ ಪದ್ಧತಿ. ನೂರು ಚಿತ್ರಗಳನ್ನು ಪೇರಿಸಿದರೆ ಬೆಳಕಿನ ನಡುವಿನ ಗದ್ದಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಲುಗಿದ ಚಿತ್ರವನ್ನು ಬಿಸಾಡಿದರಾಯಿತು.

ಮೈಸೂರಿನ ಮಿತ್ರರೊಬ್ಬರ ತಾರಸಿಯ ಮೇಲೆ ಈ ಸರಂಜಾಮನ್ನು ಒಂದು ಮಾಘಮಾಸದ ರಾತ್ರಿ ನೋಡಿದೆ. ಮುಕ್ಕಾಲಿಯ ಮೇಲೆ ಎರಡು ಅಕ್ಷಗಳ ಪೀಠ, ಅದಕ್ಕೆ ತೂಗುಕಲ್ಲಿನಂತೆ ಕಬ್ಬಿಣದ ಗುಂಡು; ಎಂಬತ್ತು ಮಿಲಿಮೀಟರಿನ ಮಸೂರ, ಅದರ ಬೆನ್ನಿನ ಮೇಲೆ ಕೂಸಿನಂತೆ ಕಾವಲಿನ ಕಿರುದುರ್ಬೀನು; ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗೆ ತಣಿಸಿಟ್ಟ ಕ್ಯಾಮೆರಾ; ಮಂಜು ಕೂರದಂತೆ ಗಾಜಿನ ಕೊರಳಿಗೆ ಸುತ್ತಿದ ಬಿಸಿಪಟ್ಟಿ; ಆಸ್ಪತ್ರೆಯ ರೋಗಿಯನ್ನು ನೆನಪಿಗೆ ತರುವಷ್ಟು ತಂತಿಗಳು. ಪೀಠದ ಅಕ್ಷವನ್ನು ಮೊದಲು ಧ್ರುವಕ್ಕೆ ಗುರಿಯಿಡಬೇಕು. ಮೈಸೂರಿನಲ್ಲಿ ಧ್ರುವನಕ್ಷತ್ರ ಕ್ಷಿತಿಜದಿಂದ ಹನ್ನೆರಡು ಡಿಗ್ರಿ ಮಾತ್ರ ಎತ್ತರ. ಉತ್ತಾನಪಾದನ ಮಗನು ಮಿತ್ರರ ಪಾಲಿಗೆ ನೆರೆಮನೆಯ ನೀರಿನ ಟ್ಯಾಂಕಿನ ಹಿಂದೆ ಅಚಲನಾಗಿ ಕುಳಿತುಬಿಟ್ಟಿದ್ದಾನೆ. ಬೇರೆ ನಕ್ಷತ್ರಗಳ ಜಾರಾಟವನ್ನು ಅಳೆದು ಪೀಠವನ್ನು ತಿದ್ದಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ಹಿಂದೆ ವಿದ್ಯುತ್ತು ಹೋದರೆ ಬೀದಿದೀಪಗಳು ಆರಿದುವೆಂದು ಖಗೋಳಪ್ರಿಯರು ಸಂತೋಷಪಡುತ್ತಿದ್ದರು. ಈಗ ವಿದ್ಯುತ್ತು ಹೋದರೆ ಇವರೂ ಇತರರಂತೆ ಶಪಿಸುತ್ತಾರೆ. ಗುರಿ ಮಹಾವ್ಯಾಧನ ಅದೇ ನೀಹಾರಿಕೆ. ನಮ್ಮ ರೈತರು ಮೃಗಶಿರೆ, ಆರಿದ್ರೆಗಳನ್ನು ಬಲ್ಲರು, ಆದರೆ ಮಳೆಯ ಹೆಸರಾಗಿ. ಸೂರ್ಯನು ಆ ನಕ್ಷತ್ರದಲ್ಲಿರುವಾಗ ಬರುವ ಮಳೆಗೆ ಅದರ ಹೆಸರು, ಸೂರ್ಯನು ಅಲ್ಲಿರುವುದರಿಂದಲೇ ಆ ದಿನಗಳಲ್ಲಿ ಆ ನಕ್ಷತ್ರ ಕಾಣದು. ಮೂರು ನಿಮಿಷಗಳ ಮೊದಲ ಚಿತ್ರ ತೆರೆಯ ಮೇಲೆ ಮೂಡಿದಾಗ, ಡ್ರೇಪರನ 51 ನಿಮಿಷಗಳ ಫಲಕ ಕಾಣದಿದ್ದುದೆಲ್ಲ ಅದರಲ್ಲಿತ್ತು. ಮಿತ್ರರು ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು ಕೆಳಗಿಳಿದು ಮಲಗಿದರು. ನನಗೆ, ಏಕೋ, ಈ ಒಂದು ಭಾಗ ಮಾತ್ರ ರುಚಿಸಲಿಲ್ಲ.

ಆದರೂ ಅಂಗಳದವನು ಸ್ಪರ್ಧೆಗೆ ಮರಳಿದ್ದಾನೆಂಬುದು ನಿಜ. 2016ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ, ಬೀಗ ರಿಪೇರಿಯ ವೃತ್ತಿಯ ವಿಕ್ಟರ್ ಬೂಸೊ ಎಂಬವನು ಹೊಸ ಕ್ಯಾಮೆರಾವನ್ನು ಪರೀಕ್ಷಿಸಲೆಂದು ಮನೆಯ ಮೇಲಿನಿಂದ ಒಂದು ಗೆಲಾಕ್ಸಿಯ ಚಿತ್ರಗಳನ್ನು ತೆಗೆಯುತ್ತಿರುವಾಗ, ನಕ್ಷತ್ರವೊಂದು ಸಿಡಿದು ಸೂಪರ್‌ನೋವಾ ಆಗುವ ಆರಂಭಕ್ಷಣದ ಬೆಳಕೇ ಅವುಗಳಲ್ಲಿ ದಾಖಲಾಯಿತು. ರಾಬರ್ಟ್ಸನ ಆಂಡ್ರೊಮಿಡಾದ ಪಕ್ಕದಲ್ಲಿ, ಅವನ ನಂತರದ ಎಲ್ಲ ವೇಧಶಾಲೆಗಳ ಕಣ್ಣಿಗೂ ಬೀಳದೆ ಇದ್ದ ಆಮ್ಲಜನಕದ ನೀಲಿಯ ಕಮಾನೊಂದನ್ನು, ಕೇವಲ 106 ಮಿಲಿಮೀಟರಿನ ಮಸೂರದಿಂದ ನೂರು ಗಂಟೆಗೂ ಮೀರಿದ ಚಿತ್ರಗಳನ್ನು ಪೇರಿಸಿ ಯುರೋಪಿನ ಹವ್ಯಾಸಿಗಳು 2023ರಲ್ಲಿ ಪ್ರಕಟಿಸಿದರು. ನಾಲ್ಕಂಗುಲಕ್ಕೆ ತುಸು ಹೆಚ್ಚು, ಅಷ್ಟೇ. ನಮ್ಮ ಶಾಲೆಯ ದುರ್ಬೀನು ಮೂರಂಗುಲದ್ದು ಇದ್ದಿರಬೇಕು.

ಹೋದ ವರ್ಷ ಆ ಶಾಲೆಗೆ ಹೋಗಿದ್ದೆ. ಬೀರು ಅಲ್ಲಿಯೇ ಇದೆ, ದುರ್ಬೀನೂ ಇದೆ. ಮಸೂರದ ಅಂಚಿನಲ್ಲಿ ಬೂಷ್ಟು ಬಲೆ ಕಟ್ಟಿದೆ, ಕೊಳವೆಯ ಮೇಲೆ ಹಳೆಯ ಕುಂಕುಮದ ಕಲೆ. ಇಂತಹ ಬೀರುಗಳು ನಾಡಿನಲ್ಲಿ ಇನ್ನೂ ಅನೇಕವಿರಬೇಕು. ಈ ಬರಹವನ್ನು ಓದುವವರಲ್ಲಿ ಉಪಾಧ್ಯಾಯರಿದ್ದರೆ, ಬರುವ ಪುಷ್ಯ ಬಹುಳ ಅಮಾವಾಸ್ಯೆಯೊಳಗಾಗಿ ಆ ಬೀರುವಿನ ಬೀಗದ ಕೈ ಯಾರ ಬಳಿಯಲ್ಲಿದೆಯೆಂದು ದಯಮಾಡಿ ವಿಚಾರಿಸಬೇಕು. ಗಾಜು ಒಡೆದರೆ ಸ್ಟಾಕ್ ಪುಸ್ತಕದಲ್ಲಿ ನನ್ನ ಹೆಸರನ್ನು ಬರೆದುಕೊಳ್ಳಬಹುದು.